ಮೂರು ಕೂಗಿನ ಪಾಠಾಂತರ

ಅಮೆರಿಕದ ಏಪೆಕ್ಸ್ ಊರಿನ ಗೋಪಿನಾಥನಿಗೆ ಐರಿಷ್ ಪೈಪು ನುಡಿಸಲು ಬರುತ್ತಿರಲಿಲ್ಲ. ಕಂಕುಳಲ್ಲಿ ಚೀಲ, ಮೊಣಕೈಗೆ ತಿದಿ ಕಟ್ಟಿಕೊಂಡು ನಾಲ್ಕು ವರ್ಷ ಒತ್ತಿದರೂ ವಾದ್ಯ ಒಲಿಯಲಿಲ್ಲ. ಬೇರೆಯವರು ನುಡಿಸಿದ್ದರಲ್ಲಿ ತಪ್ಪು ಹಿಡಿಯುವುದು ಮಾತ್ರ ಮೊದಲ ತಿಂಗಳಲ್ಲೇ ಬಂದುಬಿಟ್ಟಿತ್ತು. ಮೈಸೂರಿನ ಕಛೇರಿಗಳಲ್ಲಿ ಮೊದಲ ಸಾಲಿನಲ್ಲೇ ಕೂತು, ತಾಳ ತಪ್ಪಿಸುತ್ತ ತಲೆದೂಗುತ್ತಿದ್ದ ಮನೆತನ ಅವನದು.

ಒಂದೇ ಮಟ್ಟಿಗೆ ಊರಿಗೊಂದು ಹೆಸರು, ಒಂದೇ ಹೆಸರಿಗೆ ಮನೆಗೊಂದು ಮಟ್ಟು ಇರುವ ಸಂಗೀತ ಅದು. ಇಂಥದ್ದು ಡೇಟಾಬೇಸ್ ಬರೆಯುವವನ ಕೈಗೆ ಸಿಕ್ಕರೆ ಕೇಳಬೇಕೆ? ಗೋಪಿನಾಥ ಸಾವಿರದ ನಾನೂರು ಮಟ್ಟುಗಳನ್ನು ಸ್ವರ ಸ್ವರ ಬಿಡಿಸಿ ಕಂಪ್ಯೂಟರಿಗೆ ತುಂಬಿ, ಯಾವುದು ಯಾವುದರ ಪಾಠಾಂತರ ಎಂದು ಪೈಪು ನುಡಿಸುವವರ ಸಂಘದ ಈಮೇಲಿನಲ್ಲಿ ತೀರ್ಪು ಕೊಡತೊಡಗಿದ. ಪಾಠಾಂತರ ಎಂಬ ಪದವನ್ನು ಪೈಪಿನವರಿಗೂ ಕಲಿಸಿದ. ಅವರ ಬಾಯಲ್ಲಿ ಅದು ಪಟ್ಯಾಂಟರ ಆಯಿತು. ಪಾಪದ ಯಾರಾದರೂ ಒಂದು ಸ್ವರ ಆಚೀಚೆ ನುಡಿಸಿದರೆ, ಇದು ಪಾಠಾಂತರವಲ್ಲ, ಅಪಸ್ವರ ಎಂದು ಎಲ್ಲರೆದುರು ಬರೆದುಬಿಡುತ್ತಿದ್ದ.

ಅವನು ಹಟ ಹಿಡಿದು ಜಾರಿಗೆ ತಂದ ನಿಯಮವೂ ಒಂದಿತ್ತು. ಪಾಠಾಂತರಕ್ಕೆ ಅದರ ಮೂಲದವರ ಹೆಸರನ್ನೇ ಇಡಬೇಕು; ಮೂಲ ಯಾರೆಂದು ತಿಳಿಯದಿದ್ದರೆ ಮಾತ್ರ ಗುರುತಿಸಿದವನ ಹೆಸರು. ಆ ಎರಡನೇ ಭಾಗವನ್ನು ಯಾರಿಗಾಗಿ ಸೇರಿಸಿದ್ದನೆಂದು ಬಿಡಿಸಿ ಹೇಳಬೇಕಿಲ್ಲ.

ಮನೆಯಲ್ಲಿ ಅವನು ಅಭ್ಯಾಸಕ್ಕೆ ಕೂರುತ್ತಿದ್ದುದು ಅಡುಗೆಮನೆಯ ಮೇಜಿನ ಬಳಿ. ಹೆಂಡತಿ ಶೈಲಜಾ ಹಾಕಿದ್ದ ಷರತ್ತು ಒಂದೇ: ಕುಕ್ಕರ್ ಮೂರು ಸಲ ಕೂಗಿದ ಕೂಡಲೇ ಒಲೆ ಆರಿಸಬೇಕು. ಅದನ್ನೂ ಅವನು ನೆಟ್ಟಗೆ ಮಾಡಿದ್ದಿಲ್ಲ. ಮೊದಲ ವರ್ಷ ಅಲ್ಲೇ ಕೂತು ನುಡಿಸಿದ್ದನ್ನು ಒಂದು ಕ್ಯಾಸೆಟ್ಟಿಗೆ ತುಂಬಿಸಿ ಗೆಳೆಯನೊಬ್ಬನಿಗೆ ಕೊಟ್ಟಿದ್ದ. ಅವನು ಯಾರಿಗೋ, ಆ ಯಾರೋ ಇನ್ಯಾರಿಗೋ ಕಾಪಿ ಮಾಡಿ ಕೊಟ್ಟರು. ಗೋಪಿನಾಥ ಅದನ್ನು ಮರೆತೇಬಿಟ್ಟಿದ್ದ.

ತೊಂಬತ್ತಾರರಲ್ಲಿ ನಾರ್‌ಕ್ರಾಸ್ ಎಂಬ ಊರಿನ ಪೈಪಿನವರ ಕೂಟಕ್ಕೆ ಹೋಗಿದ್ದಾಗ, ಟಿಯರ್ನಿ ಎಂಬ ನಿವೃತ್ತ ಪೋಸ್ಟ್‌ಮ್ಯಾನ್ 'ಕುಂಟ ಕೋಳಿ' ಎಂಬರ್ಥದ ಹೆಸರಿನ ಒಂದು ಮಟ್ಟು ನುಡಿಸಿದ. ಎರಡನೇ ಭಾಗದಲ್ಲಿ, ಬೇರೆ ಯಾವ ಪಾಠದಲ್ಲೂ ಇಲ್ಲದ ಮೂರು ಉದ್ದನೆಯ ಕೂಗು. ಮೂರನೆಯದು ನಡುವೆ ಉಸಿರು ಕಟ್ಟಿ, ಮತ್ತೆ ಏಳುತ್ತದೆ. ಗೋಪಿನಾಥನ ಮೈ ಜುಮ್ಮೆಂದಿತು. ಎಲ್ಲಿ ಕಲಿತೆ ಎಂದು ಕೇಳಿದರೆ, ಯಾವುದೋ ಹಳೇ ಕ್ಯಾಸೆಟ್, ಲೇಬಲ್ ಇಲ್ಲ, ಕೊನೆಯಲ್ಲಿ ಒಬ್ಬ ಹೆಂಗಸು ಐರಿಷ್ ಭಾಷೆಯಲ್ಲಿ ಏನೋ ಹೇಳುತ್ತಾಳೆ ಎಂದ ಮುದುಕ. ಮೂಲ ಗೊತ್ತಿಲ್ಲ! ಗೋಪಿನಾಥನಿಗೆ ಅಷ್ಟು ಸಾಕಾಗಿತ್ತು. ಆ ಕ್ಯಾಸೆಟ್ಟನ್ನು ಕೇಳುವಷ್ಟು ತಾಳ್ಮೆಯೂ ಇಲ್ಲದೆ, ಟಿಯರ್ನಿಯ ವಾದನವನ್ನೇ ರೆಕಾರ್ಡ್ ಮಾಡಿಕೊಂಡು ಬಂದು ಮೂವತ್ತು ಪುಟ ಬರೆದ. ಮೂರನೇ ಕೂಗಿನ ಉಸಿರುಕಟ್ಟಿಗೇ ಒಂದೂವರೆ ಪುಟ. ಅದು ಹಿಂದಿನ ಐರಿಷ್ ಕ್ಷಾಮದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಿಯ ಬಿಕ್ಕು ಎಂದು.

ರೆಕಾರ್ಡಿಂಗ್ ಕೇಳಿದ ಶೈಲಜಾ, "ಇದನ್ನ ಎಲ್ಲೋ ಕೇಳಿದೀನಿ ಕಣ್ರೀ," ಅಂದಳು.

"ನಿಂಗೆ ಸರಳೆ ಜಂಟಿ ಬಿಟ್ರೆ ಏನ್ ಗೊತ್ತು? ಇದೆಲ್ಲ ಸೀರಿಯಸ್ ರಿಸರ್ಚು," ಅಂದ.

ಒಂಬತ್ತು ವರ್ಷ ಸಂಗೀತ ಕಲಿತವಳು ಅವಳು. ಮಾತು ನಾಟಿತು.

ಮರುವರ್ಷ ವಾಷಿಂಗ್ಟನ್ನಿನ ಪಕ್ಕದ ಸಿಲ್ವರ್ ಸ್ಪ್ರಿಂಗಿನಲ್ಲಿ, ಚರ್ಚೊಂದರ ನೆಲಮಾಳಿಗೆಯಲ್ಲಿ ಅರವತ್ತು ಮಂದಿ ಪೈಪಿನವರು ಸೇರಿದರು. ಗೋಪಿನಾಥನಿಗೆ ನಲವತ್ತು ನಿಮಿಷ ಕೊಟ್ಟಿದ್ದರು. ಕೊನೆಗೆ ಆ ಪಾಠಾಂತರಕ್ಕೆ ಅವನ ಹೆಸರಿಡುವುದೆಂದೂ ಆಗಿತ್ತು. ಅವನು ಮನಸಾರೆ ಬಿಕ್ಕಿನ ವಿಚಾರ ಹೇಳಿ ಮುಗಿಸುವಷ್ಟರಲ್ಲಿ ಟಿಯರ್ನಿ ಎದ್ದ. ಈ ಸಲ ಕ್ಯಾಸೆಟ್ ತಂದಿದ್ದೇನೆ ಎಂದು ಹೇಳಿ ಟೇಪ್ ರೆಕಾರ್ಡರಿಗೆ ಹಾಕಿಬಿಟ್ಟ.

ಕರಕರ ಸದ್ದಿನ ನಡುವೆ ಕುಂಟ ಕೋಳಿ ನಿಜಕ್ಕೂ ಕುಂಟಿತು. ಒಂದು ಕೂಗು. ಎರಡು. ಮೂರನೆಯದು ಸವೆದ ಗ್ಯಾಸ್ಕೆಟ್ಟಿನಲ್ಲಿ ಉಸಿರು ಕಟ್ಟಿ ಮತ್ತೆ ಎದ್ದಿತು. ಆಮೇಲೆ ದೂರದಿಂದ ಹೆಣ್ಣುದನಿ: "ರೀ, ಮೂರಾಯ್ತು. ಆಫ್ ಮಾಡ್ರೀ, ಬೇಳೆ ತಳ ಹಿಡಿಯತ್ತೆ."

ಗೋಪಿನಾಥನಿಗೆ ತನ್ನ ಅಡುಗೆಮನೆಯ ಗುರುತು ಸಿಕ್ಕಿತು. ಮುಂದಿನ ಸಾಲಿನ ಗಡ್ಡದ ಪ್ರೊಫೆಸರು, ಇದು ಐರ್ಲೆಂಡಿನ ಪಶ್ಚಿಮ ತೀರದ ಬಹಳ ಹಳೆಯ ಆಡುಮಾತು, ಈಗ ಯಾರಿಗೂ ತಿಳಿಯದು ಎಂದು ಘೋಷಿಸಿದರು. ಅಧ್ಯಕ್ಷರು ಗೋಪಿನಾಥನನ್ನು ಕೇಳಿದರು. ತನಗೂ ತಿಳಿಯದು ಎಂದ, ಕಣ್ಣು ತಗ್ಗಿಸಿ. ಹೆಸರು ಉಳಿಯಲು ಇನ್ನೊಂದೇ ನಿಮಿಷ ಬೇಕಿತ್ತು.

ಗಂಡನ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಶೈಲಜಾ ಎದ್ದು ನಿಂತಳು. ನಾಲ್ಕು ವರ್ಷದಲ್ಲಿ ಆ ಸಂಗೀತವನ್ನು ಅವಳು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು. ಈ ಭಾಷೆ ತನಗೆ ಬರುತ್ತದೆ ಎಂದು ಶಾಂತವಾಗಿ ಇಂಗ್ಲಿಷಿನಲ್ಲಿ ಹೇಳಿದಳು. ಟೇಪಿನ ಹೆಂಗಸು ಗಂಡನಿಗೆ ಬೆಂಕಿ ಆರಿಸು ಅನ್ನುತ್ತಿದ್ದಾಳೆ. ಮೂರು ಸಲ ಕೂಗಾಯಿತು. ಪಕ್ಕದಲ್ಲೇ ಕೂತಿದ್ದರೂ ಅವನಿಗೆ ಕೇಳಿಸಲಿಲ್ಲ.

ಸಭೆ ನಿಟ್ಟುಸಿರು ಬಿಟ್ಟಿತು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಹಾಗಾದರೆ ಆ ತಾಯಿಯ ಹೆಸರೇನಿರಬಹುದು, ನಿಮ್ಮ ನಿಯಮದಂತೆ ಅದನ್ನೇ ಇಡಬೇಕಲ್ಲ ಎಂದು ಅಧ್ಯಕ್ಷರು ಮತ್ತೆ ಗೋಪಿನಾಥನ ಕಡೆ ತಿರುಗಿದರು. ಅವನು ಮಾತ್ರ ಹೆಂಡತಿಯನ್ನೇ ನೋಡುತ್ತಿದ್ದ. ಮುಂದೆ ಏನು ಹೇಳಿಬಿಡುತ್ತಾಳೋ ಎಂಬ ಭಯ.

"ಶೈಲಜಾ," ಅಂದ, ಬೇಡುವ ದನಿಯಲ್ಲಿ, ಮೈಕಿನೆದುರು.

"ಷೀಲಾ," ಎಂದು ಅಧ್ಯಕ್ಷರು ತಲೆದೂಗಿ ಬರೆದುಕೊಂಡರು. ಅಪ್ಪಟ ಐರಿಷ್ ಹೆಸರು. ಯಾರಿಗೂ ಅನುಮಾನ ಬರಲಿಲ್ಲ. ಗೋಪಿನಾಥನ ಹೆಸರಿದ್ದ ಕಡೆ ಗೀಟು ಎಳೆದು 'ಷೀಲಾಳ ಪಟ್ಯಾಂಟರ' ಎಂದು ತಿದ್ದಿದರು.

ಆಮೇಲೆ ಅಗಲಿದ ಷೀಲಾಳ ಗೌರವಕ್ಕೆಂದು ಅರವತ್ತು ಪೈಪುಗಳೂ ಒಟ್ಟಿಗೆ ಕುಂಟ ಕೋಳಿ ನುಡಿಸತೊಡಗಿದವು. ಗೋಪಿನಾಥ ಬಂದು ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕುಸಿದ. ಒಂದು ಕೂಗಾಯಿತು, ಎರಡಾಯಿತು, ಮೂರನೆಯದೂ ಬಿಕ್ಕಿ ಮುಗಿಯಿತು. ಅವನ ಬಲಗೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಒಲೆಯ ತಿರುಪು ಹುಡುಕಿತು.

"ಈಗಾದ್ರೂ ಕೇಳಿಸ್ತಾ?" ಅಂದಳು ಶೈಲಜಾ.