ಏಳದ ಬಾನೆಟ್ಟು

ಆ ಬಿಳಿ ಕಾರು ತನ್ನ ಶೆಡ್ಡಿನ ಮುಂದೆ ಬಂದು ನಿಂತಾಗ ಶಿಲ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. ನಂಬರು ನೋಡಬೇಕಾಗಿಯೇ ಇರಲಿಲ್ಲ. ಎರಡು ತಿಂಗಳ ಹಿಂದೆ ನೊಣವಿನಕೆರೆ ರಸ್ತೆಯಲ್ಲಿ ಅವಳ ಚಿಕ್ಕಮ್ಮ ಪುಟ್ಟಗಂಗಮ್ಮನಿಗೆ ಗುದ್ದಿದ್ದು ಇದೇ ಕಾರು.

ತಿಪಟೂರಿನ ತುರುವೇಕೆರೆ ರಸ್ತೆಯಲ್ಲಿ ಶಿಲ್ಪ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟು ಹನ್ನೊಂದು ವರ್ಷವಾಗಿತ್ತು. ಹೆಂಗಸು ಬಾನೆಟ್ ಎತ್ತುವುದನ್ನು ಮೊದಮೊದಲು ನಿಂತು ನೋಡುತ್ತಿದ್ದವರೇ ಈಗ ವೈರಿಂಗ್ ಕೆಟ್ಟರೆ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಕೊಬ್ಬರಿ ಮಂಡಿಯ ಅರ್ಧಕ್ಕರ್ಧ ಲಾರಿಗಳು ಅವಳ ಕೈ ದಾಟಿಯೇ ಹೋಗುತ್ತಿದ್ದವು.

ಕಾರಿನಿಂದ ಇಳಿದವನು ಜ್ಞಾನೇಶ್, ಮಂಡಿ ವ್ಯಾಪಾರಿ ವೀರಭದ್ರಯ್ಯನವರ ಮಗ. ಅಪಘಾತವಾದ ದಿನ ಅವನು ಓಡಿಹೋಗಿರಲಿಲ್ಲ. ಚಿಕ್ಕಮ್ಮನನ್ನು ಅದೇ ಕಾರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದಿದ್ದ, ಬೆಡ್ ಸಿಗುವವರೆಗೂ ವರಾಂಡದಲ್ಲಿ ನಿಂತಿದ್ದ. ಬ್ರೇಕು ಸರಿಯಾಗಿದೆ, ಹೆಂಗಸು ಏಕಾಏಕಿ ಅಡ್ಡ ಬಂದಿದ್ದಾಳೆ ಎಂದು ಪೊಲೀಸರು ಬರೆದುಕೊಂಡರು. ಬೇರೆಯವನಾಗಿದ್ದರೆ ಬಿಟ್ಟು ಹೋಗುತ್ತಿದ್ದ ಎಂದು ಊರೆಲ್ಲ ಹೇಳಿತು. ಶಿಲ್ಪಳೂ ಅವನಿಗೆ ಕೈಮುಗಿದಿದ್ದಳು. ಹಾಗಾಗಿ ಈಗ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

"ಶಿಲ್ಪಕ್ಕ, ಚಿಕ್ಕಮ್ಮ ಹೆಂಗವ್ರೆ?"

"ಹಂಗೇ ಅವ್ರೆ."

ಹಂಗೇ ಎಂದರೆ, ನಲವತ್ತು ವರ್ಷ ಕೊಬ್ಬರಿ ಚಿಪ್ಪು ಬಿಡಿಸಿದ ಹೆಂಗಸು ಈಗ ಕೈಗೆ ಕಾಯಿ ಕೊಟ್ಟರೆ ಅದನ್ನು ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಕಾಲು ಮುರಿದದ್ದು ಕೂಡಿಕೊಂಡಿತ್ತು. ತಲೆಗೆ ಬಿದ್ದ ಏಟು ಮಾತ್ರ ಒಳಗೇ ಉಳಿದಿತ್ತು.

"ಈ ಲೈಟು ನೋಡಿ ಅಕ್ಕ," ಜ್ಞಾನೇಶ್ ಡ್ಯಾಶ್‌ಬೋರ್ಡಿನ ಕಡೆ ಬೆರಳು ತೋರಿಸಿದ. "ಆವತ್ತಿಂದ್ಲೂ ಉರೀತಾನೇ ಐತೆ. ಹಾಸನ್ದಾಗೆ ಬಾನೆಟ್ ತಟ್ಟಿಸಿ ಪೇಂಟ್ ಹೊಡಿಸ್ದೆ, ಇದೊಂದು ಮಾತ್ರ ಅವರ ಕೈಲಾಗ್ಲಿಲ್ಲ. ಶುಕ್ರವಾರ ಗಾಡಿ ತಗಳೋರು ಬತ್ತಾರೆ. ಲೈಟು ಆರ್ಸಿಬುಟ್ರೆ ಸಾಕು."

"ಯಾಕೆ ಉರೀತೈತೆ ಅಂತ ನೋಡ್ಬೇಕಲ್ಲ ಮೊದ್ಲು."

"ಇಂಜಿನ್ದೇನಲ್ಲ ಕಣಕ್ಕ. ಗಾಡಿ ಚೆನ್ನಾಗೇ ಓಡ್ತೈತೆ," ಎಂದು ಕೀ ಕೊಟ್ಟು ಅವನು ಮಂಡಿಗೆ ಹೋದ.

ಶಿಲ್ಪ ಸ್ಕ್ಯಾನರ್ ಸಿಕ್ಕಿಸಿದಳು. ಎರಡು ಸಾಲು ಬಂದವು. ಎಡಗಡೆ ಬಾನೆಟ್ ಎತ್ತುವ ಸರ್ಕ್ಯೂಟ್ ತುಂಡಾಗಿದೆ, ಎನ್ನುವುದು ಒಂದು. ಬಾನೆಟ್ ಎತ್ತಲು ಆಜ್ಞೆ ಕೊಡಲಾಗಿದೆ, ಆಗ ವೇಗ ಮೂವತ್ತೆಂಟು, ಎನ್ನುವುದು ಇನ್ನೊಂದು.

ಇಂಥ ವ್ಯವಸ್ಥೆ ಇರುವ ಕಾರು ಅವಳ ಶೆಡ್ಡಿಗೆ ಬಂದದ್ದು ಇದೇ ಮೊದಲು. ಸ್ಟೂಲಿನ ಮೇಲೆ ಕೂತು, ಫೋನಿನಲ್ಲಿ ಕಾರಿನ ಸರ್ವಿಸ್ ಪುಸ್ತಕ ತೆಗೆದು ಓದಿದಳು. ಮುಂದಿನ ಬಂಪರಿನೊಳಗೆ ಉದ್ದಕ್ಕೂ ಒಂದು ಸಣ್ಣ ಗಾಳಿಯ ಕೊಳವೆ, ಅದರ ಎರಡು ತುದಿಗೆ ಎರಡು ಸೆನ್ಸರು. ನಡೆದು ಹೋಗುವವರ ಕಾಲಿಗೆ ಬಂಪರು ತಾಗಿದರೆ ಕೊಳವೆ ಅಮುಕಿಕೊಳ್ಳುತ್ತದೆ, ಕಂಟ್ರೋಲ್ ಡಬ್ಬಿಗೆ ಸುದ್ದಿ ಹೋಗುತ್ತದೆ. ತಕ್ಷಣ ಗಾಜಿನ ಬುಡದಲ್ಲಿ, ಬಾನೆಟ್ಟಿನ ಎರಡೂ ಹಿಂಜುಗಳ, ಅಂದರೆ ಕೀಲುಗಳ, ಬಳಿ ಇರುವ ಮದ್ದು ತುಂಬಿದ ಗುಂಡಿಗಳು ಪಟಾಕಿಯಂತೆ ಸಿಡಿದು, ಒಳಗಿನ ಸರಳನ್ನು ಹೊರಕ್ಕೆ ಚಿಮ್ಮಿಸಿ ಬಾನೆಟ್ಟಿನ ಹಿಂಭಾಗವನ್ನು ಅರ್ಧ ಗೇಣಿನಷ್ಟು ಮೇಲಕ್ಕೆ ಒದೆಯುತ್ತವೆ. ಕಣ್ಣು ಮಿಟುಕಿಸುವುದರೊಳಗೆ ಇಷ್ಟೂ ಆಗಬೇಕು. ಏಕೆಂದರೆ ಕಾಲಿಗೆ ಏಟು ಬಿದ್ದವರ ತಲೆ ಆಮೇಲೆ ಬಂದು ಬೀಳುವುದು ಬಾನೆಟ್ಟಿನ ಮೇಲೆ. ಕೆಳಗೆ ಜಾಗವಿದ್ದರೆ ತೆಳು ತಗಡು ಬಗ್ಗಿ ತಲೆಯನ್ನು ತಡೆದುಕೊಳ್ಳುತ್ತದೆ. ಜಾಗವಿಲ್ಲದಿದ್ದರೆ ತಲೆ ಹೋಗಿ ಬಡಿಯುವುದು ಇಂಜಿನ್ನಿನ ಕಬ್ಬಿಣಕ್ಕೆ.

ಆಸ್ಪತ್ರೆಯ ಅಂಗಳದಲ್ಲಿ ಆವತ್ತು ನಿಂತಿದ್ದ ಕಾರು ಶಿಲ್ಪಳ ಕಣ್ಣಿಗೆ ಕಟ್ಟಿತು. ಬಾನೆಟ್ ಎದ್ದಿರಲಿಲ್ಲ. ಮುಚ್ಚಿಕೊಂಡೇ ಇತ್ತು. ನಡುವೆ ಬೋಗುಣಿಯಷ್ಟು ಆಳದ ತಗ್ಗು.

ಆಜ್ಞೆ ಹೋಗಿದ್ದರೆ ಯಾಕೆ ಏಳಲಿಲ್ಲ?

ಮಾಮೂಲಿನಂತೆ ಒಂದೊಂದೇ ನೋಡುತ್ತ ಹೋದಳು. ಎರಡು ಸೆನ್ಸರುಗಳೂ ಚೆನ್ನಾಗಿದ್ದವು. ಕಂಟ್ರೋಲ್ ಡಬ್ಬಿಗೆ ಕರೆಂಟು ಸರಿಯಾಗಿತ್ತು, ಅರ್ತ್ ಬಿಗಿಯಾಗಿತ್ತು. ಬಂಪರಿನ ವೈರುಗಳನ್ನು ಅಲ್ಲಾಡಿಸಿ ನೋಡಿದರೂ ಸ್ಕ್ಯಾನರಿನ ಅಂಕಿ ಕದಲಲಿಲ್ಲ. ಉಳಿದದ್ದು ಹಿಂಜಿನ ಬಳಿಯ ಗುಂಡಿಗಳು. ಮದ್ದು ಇರುವ ಜಾಗ, ಮೀಟರಿನ ಮುಳ್ಳು ತಾಗಿಸುವ ಹಾಗಿಲ್ಲ, ಕೈ ಹೋದೀತು. ಬ್ಯಾಟರಿಯ ನೆಗೆಟಿವ್ ಕಳಚಿ ಹತ್ತು ನಿಮಿಷ ಕಾದಳು. ವೈಪರ್ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟಳು.

ಎಡಗಡೆಯ ಗುಂಡಿಯಲ್ಲಿ ಮದ್ದೇ ಇರಲಿಲ್ಲ. ಅದು ಯಾವತ್ತೋ ಸಿಡಿದು ಮುಗಿದಿತ್ತು. ಹೊರಗೆ ಬಂದಿದ್ದ ಸರಳನ್ನು ಯಾರೋ ಸುತ್ತಿಗೆಯಲ್ಲಿ ಬಡಿದು ಒಳಕ್ಕೆ ತಳ್ಳಿದ್ದರು. ಅದಕ್ಕೆ ಹೋಗಬೇಕಿದ್ದ ಹಳದಿ ಕನೆಕ್ಟರನ್ನು ಕತ್ತರಿಸಿ, ಎರಡು ವೈರುಗಳ ನಡುವೆ ಭತ್ತದ ಕಾಳಿನಷ್ಟು ದಪ್ಪದ ಒಂದು ರೆಸಿಸ್ಟರ್ ಬೆಸೆದಿದ್ದರು. ಗುಂಡಿ ಜಾಗದಲ್ಲೇ ಇದೆ ಎಂದು ಕಂಪ್ಯೂಟರನ್ನು ನಂಬಿಸುವುದಕ್ಕೆ. ಬಲಗಡೆಯೂ ಅದೇ ಕತೆ. ಎಡಗಡೆಯ ರೆಸಿಸ್ಟರ್ ಮಾತ್ರ ಸುಟ್ಟು ಕರಕಲಾಗಿತ್ತು. ಲೈಟು ಉರಿಯುತ್ತಿದ್ದುದು ಅದಕ್ಕೇ.

ಶಿಲ್ಪ ಆ ಕರಕಲನ್ನು ಕತ್ತರಿಸಿ ತೆಗೆದು ಅಂಗೈಯಲ್ಲಿಟ್ಟುಕೊಂಡು ನಿಂತಳು. ಚಿಕ್ಕಮ್ಮನ ಕಾಲಿಗೆ ಬಂಪರು ತಾಗಿದ ಗಳಿಗೆಯಲ್ಲಿ ಕಾರು ತನ್ನ ಕೆಲಸ ಮಾಡಿತ್ತು. ಅವಳ ತಲೆ ಕೆಳಗೆ ಬರುವ ಮೊದಲೇ ಆಜ್ಞೆ ಬಂದಿತ್ತು. ಬಂದ ಆಜ್ಞೆ ಇದರೊಳಗೆ ಸುಟ್ಟುಹೋಗಿತ್ತು.

ಆಮೇಲೆ ಅವಳು ನೋಡಿದ್ದು ಬೆಸುಗೆಯ ಮೇಲಿನ ಟೇಪನ್ನು. ಟೇಪಿನ ತುದಿ ಬಿಚ್ಚಿಕೊಳ್ಳದಂತೆ ಮೇಣ ಹಚ್ಚಿದ ದಾರವನ್ನು ಒತ್ತಾಗಿ ಸುತ್ತಿ, ಗಂಟನ್ನು ಒಳಗೆ ಸೇರಿಸಿದ್ದರು. ಈ ಸೀಮೆಯಲ್ಲಿ ಹಾಗೆ ಕಟ್ಟುವವರು ಇಬ್ಬರೇ. ಒಬ್ಬಳು ಅವಳು. ಇನ್ನೊಬ್ಬರು ಅವಳಿಗೆ ಕಸುಬು ಕಲಿಸಿದ ಸದಾಶಿವಯ್ಯನವರು.

ಕೈಯಲ್ಲಿದ್ದ ಸ್ಪ್ಯಾನರನ್ನು ಗೋಡೆಗೆ ಬೀಸಿ ಒಗೆದಳು.

ಮಧ್ಯಾಹ್ನ ಜ್ಞಾನೇಶ್ ಬಂದಾಗ ಅವನನ್ನು ಕೂರಲೂ ಹೇಳಲಿಲ್ಲ.

"ಈ ಗಾಡಿ ಬಾನೆಟ್ಟು ಇದಕ್ಕೆ ಮುಂಚೆ ಯಾವಾಗ ಎದ್ದಿತ್ತು?"

ಅವನು ತಡವರಿಸಿದ. "ಹೋದ ವರ್ಷ, ಬೋರನಕಣಿವೆ ಹತ್ರ ಒಂದು ಕರು ಅಡ್ಡ ಬಂತು. ಢಂ ಅಂತ ಎದ್ಬುಡ್ತು. ಪಾರ್ಟ್ ಬರಕ್ಕೆ ಮೂರು ತಿಂಗ್ಳು ಅಂದ್ರು ಕಂಪ್ನಿಯೋರು. ಸದಾಶಿವಯ್ಯೋರು ಒಂದೇ ದಿನಕ್ಕೆ ಸರಿ ಮಾಡ್ಕೊಟ್ರು."

"ಸರಿ ಮಾಡಿದ್ರಾ? ಅದು ಯಾಕಿರೋದು ಅಂತ ಕೇಳಿದ್ರಾ ನೀವು?"

"ಕೇಳ್ದೆ ಅಕ್ಕ. ರೋಡ್ನಾಗೆ ನಡ್ಕಂಡು ಹೋಗೋರಿಗೆ ಅಂದ್ರು. ಒಳಗೆ ಕೂತಿರೋರಿಗೆ ಏನೂ ತೊಂದ್ರೆ ಇಲ್ಲ ಅಂದ್ರು, ಅದಕ್ಕೇ..."

ಅವನು ಅಷ್ಟಕ್ಕೆ ನಿಲ್ಲಿಸಿದ. ಆಡಿದ ಮಾತು ಅವನ ಕಿವಿಗೂ ಬಿದ್ದಿರಬೇಕು.

"ಅದಕ್ಕೇ ಸುಮ್ನಾದ್ರಿ," ಎಂದಳು ಶಿಲ್ಪ. "ನಮ್ಮ ಚಿಕ್ಕಮ್ಮ ರೋಡ್ನಾಗೆ ನಡ್ಕಂಡು ಹೋಗೋಳು. ನಿಮಗೆ ಕೈ ಮುಗಿದ್ನಲ್ರೀ ನಾನು, ಆಸ್ಪತ್ರೆ ಬಾಗ್ಲಲ್ಲಿ ನಿಂತ್ಕಂಡು! ನೋಡಿ ಇದನ್ನ. ನಿಮ್ಮ ಗಾಡಿ ಆವಮ್ಮನ್ನ ಉಳಿಸಕ್ಕೆ ಹೋಗೈತೆ. ನೀವು ಬುಡ್ಲಿಲ್ಲ."

"ನಂಗೇನ್ ಗೊತ್ತು ಅಕ್ಕ ಹಿಂಗಾಯ್ತದೆ ಅಂತ? ಕೀ ಕೊಡಿ, ಬೇರೆ ಕಡೆ ತೋರಿಸ್ಕತೀನಿ."

"ಕೊಡಲ್ಲ. ಪೊಲೀಸ್ನೋರು ಬಂದು ನೋಡೋವರ್ಗೂ ಈ ಗಾಡಿ ಇಲ್ಲಿಂದ ಅಲ್ಲಾಡಲ್ಲ."

ಜ್ಞಾನೇಶನ ಮುಖ ಕೆಂಪಾಯಿತು. "ನಮ್ಮಪ್ಪ ಒಂದು ಮಾತು ಹೇಳಿದ್ರೆ ಮಂಡಿ ಲಾರಿ ಒಂದೂ ಈ ಕಡೆ ತಲೆ ಹಾಕಲ್ಲ, ಗೊತ್ತೈತಾ?"

"ಹೇಳ್ಸಿ ಹೋಗ್ರೀ!" ಎಂದು ಅವಳು ಕೂಗಿದ್ದು ಎದುರಿನ ಪಂಕ್ಚರ್ ಅಂಗಡಿಯವರೆಗೂ ಕೇಳಿಸಿತು.

ಸದಾಶಿವಯ್ಯನವರ ಅಂಗಡಿ ಹಳೇ ಬಸ್ ಸ್ಟ್ಯಾಂಡಿನ ಹಿಂದಿತ್ತು. ಅರವತ್ತೆಂಟು ವರ್ಷದ ಮನುಷ್ಯ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಒಂದು ಡೈನಮೊ ಬಿಚ್ಚುತ್ತಿದ್ದರು. ಗಂಡ ತೀರಿಕೊಂಡ ವರ್ಷ ಶಿಲ್ಪ ಕೆಲಸ ಕೇಳಿಕೊಂಡು ಹೋದಾಗ, ಊರು ನಗುತ್ತದೆ ಎನ್ನದೆ ಕೈಗೆ ಟೆಸ್ಟ್ ಲ್ಯಾಂಪ್ ಕೊಟ್ಟವರು ಅವರು. ಅವಳು ಸುಟ್ಟ ರೆಸಿಸ್ಟರನ್ನು ದಾರದ ಸಮೇತ ಅವರ ಮುಂದೆ ಹಾಕಿದಳು.

ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಜ್ಞಾನೇಶಂದಾ?"

"ಹೂಂ. ನಮ್ಮ ಚಿಕ್ಕಮ್ಮಂಗೆ ಗುದ್ದಿದ್ದು. ಕಟ್ಟೋವಾಗ ಕೈ ನಡುಗ್ಲಿಲ್ವಾ ಮೇಸ್ತ್ರಿ?"

"ಪಾರ್ಟ್ ಬರೋವರ್ಗೂ ಅಂತ ಹಾಕ್ಕೊಟ್ಟೆ ಕಣಮ್ಮ. ಬಂದ್ಮೇಲೆ ತಗಂಡ್ಬಾ ಅಂತ ಹೇಳ್ದೆ ಅವನಿಗೆ. ಬರ್ಲಿಲ್ಲ. ನಾನೇನ್ ಮಾಡಕ್ಕಾಯ್ತದೆ?"

"ಲೈಟು ಉರೀತಿದ್ರೆ ಬರೋನು! ಅದನ್ನೇ ಆರ್ಸಿಬುಟ್ರಲ್ಲ ನೀವು. ಎಲ್ಲಾ ಸರಿಯಾಗೈತೆ ಅಂತ ಗಾಡಿ ಕೈಲೇ ಸುಳ್ಳು ಹೇಳ್ಸಿದ್ರಲ್ಲ!"

"ಯಾರ್ ಮಾಡಲ್ಲ ಹೇಳು ಈ ಕೆಲ್ಸನ?" ಸದಾಶಿವಯ್ಯನವರ ದನಿಯೂ ಏರಿತು. "ತುಮಕೂರ್ನಾಗೆ ಮಾಡ್ತಾರೆ, ಹಾಸನ್ದಾಗೆ ಮಾಡ್ತಾರೆ. ನೀನು ಮಾಡಿಲ್ವಾ? ಕಂದಿಕೆರೆ ತಿಮ್ಮರಾಜು ಟ್ಯಾಕ್ಸಿಗೆ ಏನ್ ಹಾಕ್ದೆ ನೀನು? ನನ್ನ ಕೇಳ್ಕಂಡು ಹೋಗೇ ಹಾಕಿದ್ದಲ್ವಾ?"

ಎರಡು ವರ್ಷದ ಹಿಂದೆ ತಿಮ್ಮರಾಜುವಿನ ಟ್ಯಾಕ್ಸಿಯಲ್ಲಿ ಸ್ಟೀರಿಂಗಿನ ಏರ್‌ಬ್ಯಾಗ್ ಲೈಟು ಉರಿಯುತ್ತಿತ್ತು. ಮಾರನೇ ದಿನ ಎಫ್‌ಸಿ ತಪಾಸಣೆಗೆ ಹೋಗಬೇಕು ಎಂದು ಅವನು ಗೋಗರೆದಿದ್ದ. ಪಾರ್ಟ್ ಬರುವವರೆಗೆ ಇರಲಿ ಎಂದು ಅವಳೂ ಇಂಥದ್ದೇ ಒಂದು ಕಾಳು ಬೆಸೆದು, ಮೇಣದ ದಾರ ಸುತ್ತಿ ಕಳಿಸಿದ್ದಳು. ಅವನು ಮತ್ತೆ ಬರಲಿಲ್ಲ. ಅವಳು ಫೋನ್ ಮಾಡಲಿಲ್ಲ. ನಿಜ ಹೇಳಬೇಕೆಂದರೆ, ಮಾರನೇ ವಾರಕ್ಕೇ ಮರೆತಿದ್ದಳು.

ಅಲ್ಲಿಂದ ಹೊರಗೆ ಬಂದಾಗ ಅವಳ ಸಿಟ್ಟು ಇಳಿದಿರಲಿಲ್ಲ. ಅದು ಈಗ ತನ್ನ ಕಡೆಗೂ ತಿರುಗಿತ್ತು ಅಷ್ಟೆ. ಪೊಲೀಸ್ ಸ್ಟೇಷನ್ನಿನ ತನಕ ಹೋದವಳು ಗೇಟಿನ ಮುಂದೆ ಸ್ಕೂಟರ್ ತಿರುಗಿಸಿ ಕಂದಿಕೆರೆಯ ದಾರಿ ಹಿಡಿದಳು. ತಾನು ತಿಮ್ಮರಾಜುವಿನ ಟ್ಯಾಕ್ಸಿಗೆ ಹಾಕಿದ್ದನ್ನು ತೆಗೆಯದೆ ಇನ್ನೊಬ್ಬರ ಮೇಲೆ ದೂರು ಹೇಳಲು ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ.

ತಿಮ್ಮರಾಜು ತೋಟದ ಬೇಲಿಯ ಪಕ್ಕ ಟ್ಯಾಕ್ಸಿ ತೊಳೆಯುತ್ತಿದ್ದ. ಶಿಲ್ಪ ನೇರವಾಗಿ ಹೋಗಿ ಟ್ಯಾಕ್ಸಿಯ ಬಾಗಿಲು ತೆಗೆದು, ಸ್ಟೀರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿ, ತಾನು ಸುತ್ತಿದ್ದ ದಾರವನ್ನು ತಾನೇ ಕತ್ತರಿಸಿದಳು. ಕೀ ತಿರುಗಿಸಿದಾಗ ಕೆಂಪು ಲೈಟು ಹತ್ತಿಕೊಂಡಿತು.

"ಏನ್ ಮಾಡ್ತಿದೀಯ ಶಿಲ್ಪಕ್ಕ? ನಾಳೆ ಬಾಡಿಗೆ ಐತೆ, ಮದ್ವೆ ಪಾರ್ಟಿ!"

"ಇಲ್ಲಿಗಂಟ ಗುದ್ದಿಲ್ಲ ನೀನು, ಅದು ನಿನ್ನ ಪುಣ್ಯ, ನನ್ನ ಪುಣ್ಯ. ಗುದ್ದಿದ್ದಿದ್ರೆ ಬ್ಯಾಗು ಬರ್ತಿರ್ಲಿಲ್ಲ. ಎದೆ ಹೋಗಿ ಸ್ಟೀರಿಂಗ್ಗೆ ಬಡಿಯೋದು."

"ಮತ್ತೆ ನೀನೇ ಅಲ್ವಾ ಹಾಕಿದ್ದು? ಸರಿಯಾಗೈತೆ ಹೋಗು ಅಂದಿದ್ದು ನೀನೇ!"

"ನಾನೇ. ಸುಳ್ಳು ಹೇಳ್ದೆ. ಬೈಯಿ, ಎಷ್ಟು ಬೈತೀಯೋ ಬೈಯಿ. ಪಾರ್ಟು ನಾನೇ ತರಿಸಿ ಹಾಕ್ತೀನಿ. ಅಲ್ಲಿಗಂಟ ಈ ಲೈಟಿಗೆ ಯಾರ್ ಕೈಲೂ ಮುಟ್ಟಿಸ್ಬೇಡ."

ತಿಮ್ಮರಾಜು ನಿಜವಾಗಿಯೂ ಬೈದ. ಅವಳ ಕಸುಬನ್ನು, ಅವಳಿಗೆ ಕಲಿಸಿದವರನ್ನು, ಅಂಥವಳನ್ನು ನಂಬಿ ಅಷ್ಟು ದೂರ ಗಾಡಿ ತಂದ ತನ್ನ ಬುದ್ಧಿಯನ್ನು. ಬಕೆಟ್ಟಿನ ನೀರು ಅವಳ ಕಾಲಿಗೆ ಸಿಡಿಯುವ ಹಾಗೆ ಒದ್ದ. ಅವಳು ನಿಂತು ಪೂರ್ತಿ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ದೂರು ಬರೆದುಕೊಟ್ಟಳು. ಎಲ್ಲ ಕೇಳಿದ ಮೇಲೆ ಸಬ್ ಇನ್ಸ್‌ಪೆಕ್ಟರ್ ತಲೆ ಕೆರೆದುಕೊಂಡರು. "ಬ್ರೇಕ್ ಚೆನ್ನಾಗಿತ್ತು ಅಂತ ರಿಪೋರ್ಟ್ ಐತಲ್ಲಮ್ಮ."

"ಬ್ರೇಕ್ ನೋಡಿದಾರೆ ಸಾರ್, ಬಾನೆಟ್ ನೋಡಿಲ್ಲ. ಬನ್ನಿ, ನಾನು ತೋರಿಸ್ತೀನಿ."

ಕಾರು ಸ್ಟೇಷನ್ನಿನ ಅಂಗಳಕ್ಕೆ ಬಂತು. ಮಂಡಿಯ ಲಾರಿಗಳು ಎರಡೇ ದಿನದಲ್ಲಿ ಅವಳ ಶೆಡ್ಡಿಗೆ ಬರುವುದು ನಿಂತಿತು. ದಾರದ ಗಂಟು ಯಾರದೆಂದು ಹೇಗೆ ಸಾಬೀತು ಮಾಡುತ್ತೀಯ, ಅದು ನಿನ್ನ ಗಂಟೂ ಹೌದಲ್ಲ ಎಂದು ಜ್ಞಾನೇಶನ ಕಡೆಯ ವಕೀಲರು ಕೇಳಿದರು.

ಮೂರನೇ ದಿನ ಹೇಳಿಕೆಗೆ ಸಹಿ ಹಾಕಲು ಹೋದಾಗ, ಸ್ಟೇಷನ್ನಿನ ಬೆಂಚಿನ ಮೇಲೆ ಸದಾಶಿವಯ್ಯನವರು ಕೂತಿದ್ದರು. ಯಾರೂ ಕರೆಸಿರಲಿಲ್ಲ. ಬಿಳಿ ಅಂಗಿ ಹಾಕಿ, ವಿಭೂತಿ ಇಟ್ಟುಕೊಂಡು ಬಂದಿದ್ದರು. ಅವಳ ಕಡೆ ನೋಡದೆ ಎದ್ದು ಟೇಬಲ್ಲಿನ ಮುಂದೆ ನಿಂತರು.

"ಆ ಕೆಲಸ ನಂದು ಸಾರ್. ಈ ಹುಡುಗಿದಲ್ಲ. ಹೋದ ವರ್ಷ ನಮ್ಮ ಅಂಗಡೀಲಿ, ವೀರಭದ್ರಯ್ಯೋರ ಮಗ ಪಕ್ಕದಾಗೇ ನಿಂತಿದ್ದ. ಬರ್ಕಳಿ."

ಸ್ಟೇಷನ್ನಿನ ರೈಟರು ಬರೆದುಕೊಂಡರು. ಸದಾಶಿವಯ್ಯನವರು ಓದಿ ನೋಡಿ, ಒಂದು ಕಡೆ ತಪ್ಪು ಬರೆದಿದ್ದನ್ನು ತಿದ್ದಿಸಿ, ಸಹಿ ಹಾಕಿದರು.

ಗೇಟಿನ ಹೊರಗೆ ಉರಿಬಿಸಿಲು. ಸ್ಕೂಟರಿನ ಪಕ್ಕ ಬಂದು ನಿಂತ ಮುದುಕರು ಚಪ್ಪಲಿಯಲ್ಲಿ ಮಣ್ಣು ಕೆದಕಿದರು. "ಬಸ್ ಸ್ಟ್ಯಾಂಡ್ ಗಂಟ ಬುಡ್ತೀಯಾ ಶಿಲ್ಪಾ? ಕಾಲು ನಡಿಯಕ್ಕಾಗ್ತಿಲ್ಲ."

ಚಿಕ್ಕಮ್ಮನ ಮಡಿಲಿನ ಕಾಯಿ ಅವಳ ಕಣ್ಣೆದುರಿಗೇ ಇತ್ತು. ಇವರು ಹಾಕಿದ ಸಹಿಯಿಂದ ಆ ಕೈಗಳಿಗೆ ಕೆಲಸ ನೆನಪಾಗುವುದಿಲ್ಲ.

"ಕೂತ್ಕಳಿ," ಎಂದಳು ಶಿಲ್ಪ. "ಮಾತಾಡಿಸ್ಬೇಡಿ ನನ್ನ."

ಅವರು ಹಿಂದೆ ಕೂತರು. ಅವಳು ಸ್ಕೂಟರನ್ನು ಬಸ್ ಸ್ಟ್ಯಾಂಡಿನ ಕಡೆ ತಿರುಗಿಸಿದಳು.