ಮಡಿಸಿದ್ದು ಮಡಿಸಿದಂತೆ

ನಾನು ಒಂದು ಪ್ಯಾರಾಚೂಟ್. ಹೆಸರು ಕೇಳಿದ ಕೂಡಲೇ ನೀವು ತಲೆ ಎತ್ತಿ ಆಕಾಶ ನೋಡುತ್ತೀರಿ. ನೋಡಬೇಡಿ, ನಾನು ಒಂದು ದಿನವೂ ಅಲ್ಲಿ ಅರಳಲಿಲ್ಲ. ನನ್ನ ಕಥೆ ಶುರುವಾಗುವುದೂ ಮುಗಿಯುವುದೂ ನೆಲದ ಮೇಲೇ.

ಹುಟ್ಟಿದ್ದು ಕೊಳ್ಳೇಗಾಲದ ಕಡೆ, ನೂಲು ತೆಗೆಯುವ ಒಂದು ಕಾರ್ಖಾನೆಯಲ್ಲಿ. ಬಿಸಿನೀರಿನ ಬಾನಿಯಲ್ಲಿ ರೇಷ್ಮೆಗೂಡುಗಳು ಕುಣಿಯುತ್ತಿದ್ದವು. ಬೆರಳು ಬೆಂದರೂ ಎಳೆ ಕಡಿಯದ ಹಾಗೆ ಹೆಂಗಸರು ನೂಲು ಎಳೆಯುತ್ತಿದ್ದರು. ಅದುವರೆಗೆ ಅಲ್ಲಿಂದ ಹೊರಟ ನೂಲು ಧಾರೆ ಸೀರೆಯಾಗಿ, ರವಿಕೆಯಾಗಿ, ಪೆಟ್ಟಿಗೆಯೊಳಗೆ ಸುಖವಾಗಿ ಬಾಳಿತ್ತು. ನನ್ನ ಸರದಿ ಬರುವ ಹೊತ್ತಿಗೆ ಸರಿಯಾಗಿ ಯುದ್ಧ ಬಂತು. ಇನ್ನು ಬಣ್ಣ ಬೇಡ, ಜರಿ ಬೇಡ, ಬರೀ ಬಿಳಿ ಬಟ್ಟೆ ನೇಯಿರಿ ಎಂದು ಸರ್ಕಾರದವರು ಹೇಳಿಹೋದರು. ಹಸೆಮಣೆ ಏರಬೇಕಾದ ನಾನು ದಂಡಿಗೆ ಸೇರಿದ್ದು ಹೀಗೆ. ಆ ಸಿಟ್ಟು ನನಗೆ ಬಹಳ ದಿನ ಇತ್ತು.

ಬೆಂಗಳೂರಿನಲ್ಲಿ ನನ್ನನ್ನು ಕತ್ತರಿಸಿದರು, ಹೊಲಿದರು, ಅಂಚಿಗೆಲ್ಲ ರೇಷ್ಮೆಯ ಹುರಿ ಕಟ್ಟಿದರು. ಹರಡಿದರೆ ಒಂದು ಮದುವೆಯ ಚಪ್ಪರದಷ್ಟು ಅಗಲ. ಅಷ್ಟನ್ನೂ ಮತ್ತೆ ದಿಂಬಿನಷ್ಟಿರುವ ಖಾಕಿ ಕ್ಯಾನ್ವಾಸ್ ಚೀಲದೊಳಗೆ ಕೂರಿಸಬೇಕು. ಹಾಗೆ ಕೂರಿಸುವುದನ್ನು ಕಲಿತವಳು ಮುನಿತಾಯಮ್ಮ. ಅವಳ ಕೈಗೆ ಬಂದ ಮೇಲೆ ನನ್ನ ಸಿಟ್ಟು ಇಳಿಯಿತು.

ಯಲಹಂಕದಾಚೆಯ ಬಯಲಿನಲ್ಲಿ ಹೊಸದಾಗಿ ಒಂದು ವಿಮಾನ ನಿಲ್ದಾಣ ಎದ್ದಿತ್ತು. ಬಾಂಬು ಹಾಕುವ ವಿಮಾನಗಳ ಒಂದು ಪಡೆ ಅಲ್ಲಿ ತರಬೇತಿಗೆ ಬಂದಿತ್ತು. ತರಬೇತಿ ಮುಗಿದರೆ ಸಮುದ್ರದಾಚೆ, ಬರ್ಮಾಕ್ಕೆ. ಮುನಿತಾಯಮ್ಮನಿಗೆ ಅಲ್ಲಿ ಪ್ಯಾರಾಚೂಟ್ ಮಡಿಸುವ ಕೆಲಸ. ಗಂಡ ಸತ್ತ ಮೇಲೆ ದಂಡಿನ ಪೇಟೆಯಲ್ಲಿ ಸಿಪಾಯಿಗಳ ಅಂಗಿ ಹೊಲಿದು ಬದುಕಿದ್ದವಳು. ಒಬ್ಬನೇ ತಮ್ಮ ಸೈನ್ಯ ಸೇರಿ ಸಿಂಗಾಪುರಕ್ಕೆ ಹೋಗಿದ್ದ. ಆ ಊರು ಜಪಾನಿನವರ ಪಾಲಾದ ಮೇಲೆ ಅವನಿದ್ದಾನೋ ಇಲ್ಲವೋ ಯಾರೂ ಹೇಳಲಿಲ್ಲ.

ಅವಳು ಮಡಿಸುವುದನ್ನು ನೋಡಬೇಕಿತ್ತು ನೀವು. ಉದ್ದನೆಯ ಮೇಜಿನ ಮೇಲೆ ನನ್ನನ್ನು ಮಲಗಿಸಿ, ಮಗುವಿನ ತಲೆ ಬಾಚಿದ ಹಾಗೆ ಒಂದೊಂದು ಹುರಿಯನ್ನೂ ಬೆರಳಿನಿಂದ ಬಿಡಿಸುತ್ತಿದ್ದಳು. ಆಗ ಯಾರೂ ಮಾತಾಡಿಸಬಾರದು. ಕೊನೆಗೆ ಚೀಲದ ಬಾಯಿ ಮುಚ್ಚಿ, ಪಿನ್ನು ಹಾಕಿ, ಅದರ ಮೇಲೊಂದು ತೆಳುವಾದ ಕೆಂಪು ದಾರ ಕಟ್ಟುತ್ತಿದ್ದಳು. ಹಾರಿದವನು ಚೀಲದ ಪಕ್ಕದಲ್ಲಿರುವ ಹಿಡಿ ಎಳೆದರೆ ಆ ದಾರ ಕಿತ್ತುಹೋಗುತ್ತದೆ. ದಾರ ಇದ್ದರೆ, ಅವಳ ನಂತರ ಯಾರೂ ಮುಟ್ಟಿಲ್ಲ ಎಂದರ್ಥ.

ನನ್ನನ್ನು ಕೊಟ್ಟಿದ್ದು ಗವಿರಂಗನಿಗೆ. ತುರುವೇಕೆರೆಯ ಕಡೆಯವನು. ಹೈಸ್ಕೂಲು ಮುಗಿಸಿ ವಿಮಾನಪಡೆ ಸೇರಿ, ಹಿಂದಿನ ಸೀಟಿನ ಬಂದೂಕು ಹಿಡಿಯುವ ಗನ್ನರ್ ಆಗಿದ್ದ. ಮುಂದಿನ ಸೀಟಿನಲ್ಲಿ ವಿಮಾನ ನಡೆಸುವ ಭಾದುರಿ ಸಾಹೇಬರು, ಬಂಗಾಳದವರು. ಅವರಿಗೆ ಬೆನ್ನು ಮಾಡಿಕೊಂಡು, ಬಾಲದ ಕಡೆ ತಿರುಗಿ ಗವಿರಂಗ ಕೂರುತ್ತಿದ್ದ. ಸಾಹೇಬರಂಥವರು ತಮ್ಮ ಪ್ಯಾರಾಚೂಟಿನ ಮೇಲೇ ಕೂತಿರುತ್ತಾರೆ, ಬಿಟ್ಟುಹೋಗುವ ಮಾತೇ ಇಲ್ಲ. ಗನ್ನರುಗಳದ್ದು ಹಾಗಲ್ಲ. ಅವರ ಮೈಮೇಲೆ ಪಟ್ಟಿಗಳು ಮಾತ್ರ ಇರುತ್ತವೆ. ನಾವು ಅವರ ಪಕ್ಕದ ಗೂಡಿನಲ್ಲಿ ಕೂತಿರುತ್ತೇವೆ. ಹಾರುವ ಹೊತ್ತು ಬಂದರೆ ನಮ್ಮನ್ನು ಎತ್ತಿ ಎದೆಯ ಮೇಲಿನ ಕೊಕ್ಕೆಗಳಿಗೆ ಸಿಕ್ಕಿಸಿಕೊಳ್ಳಬೇಕು.

ಮೊದಲ ದಿನ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಅವನು ತಾಯಮ್ಮನನ್ನು ರೇಗಿಸಿದ. "ಅಕ್ಕೋ, ಇದು ಬಿಚ್ಕೊಂಡು ನಾನು ಉಳ್ಕಂಡ್ರೆ ನಿಂಗೊಂದು ಸೀರೆ."

ತಾಯಮ್ಮ ನಗಲಿಲ್ಲ. "ಸೀರೆ ಯಾರಿಗೆ ಬೇಕು? ನಾನು ಮಡಿಸಿದ್ದನ್ನ ಮಡಿಸಿದಂಗೇ ತಂದ್ಕೊಡು. ಅಷ್ಟು ಮಾಡು ಸಾಕು."

ಆಮೇಲೆ ಶುರುವಾಯಿತು ನೋಡಿ ನಮ್ಮ ಪಾಡು. ಒಣಗಿದ ಕೆರೆಯ ಅಂಗಳದಲ್ಲಿ ಸುಣ್ಣದಿಂದ ದೊಡ್ಡ ವೃತ್ತ ಬರೆದಿದ್ದರು. ವಿಮಾನ ಮೋಡದ ತನಕ ಏರಿ, ಒಮ್ಮೆಲೇ ಮೂಗು ಕೆಳಗೆ ಮಾಡಿ ಆ ವೃತ್ತದ ಮೇಲೆ ಬೀಳಬೇಕು. ಸುಳ್ಳು ಬಾಂಬು ಹಾಕಿ, ನೆಲ ಮುಟ್ಟುವ ಮುಂಚೆ ಮತ್ತೆ ಮೇಲೇಳಬೇಕು. ಸಾಹೇಬರಿಗಾದರೂ ಎದುರಿಗೆ ನೆಲ ಕಾಣುತ್ತಿತ್ತು. ಬೆನ್ನು ಮಾಡಿ ಕೂತ ಗವಿರಂಗನಿಗೆ ಬರೀ ಆಕಾಶ. ಮೊದಲ ವಾರ ವಾಂತಿ ಮಾಡಿಕೊಂಡ, ಪುಣ್ಯಕ್ಕೆ ನನ್ನ ಮೇಲಲ್ಲ. ವಿಮಾನ ಬೀಳುವಾಗಲೆಲ್ಲ ಅವನ ಎಡಗೈ ನನ್ನ ಮೇಲೆ ಬರುತ್ತಿತ್ತು. ನನಗೆ ಅದು ಬಹಳ ಇಷ್ಟವಾಗುತ್ತಿತ್ತು ಎಂದು ಈಗ ಹೇಳಿದರೆ ತಪ್ಪೇನಿಲ್ಲ.

ಸಂಜೆ ಹೊತ್ತು ಭಾದುರಿ ಸಾಹೇಬರು ನೆಲದ ಮೇಲೆ ಇನ್ನೊಂದು ಪಾಠ ಮಾಡುತ್ತಿದ್ದರು. ಗವಿರಂಗನ ಕಣ್ಣಿಗೆ ಕರವಸ್ತ್ರ ಕಟ್ಟಿ ಸೀಟಿನಲ್ಲಿ ಕೂರಿಸಿ "ಹಾರು" ಎಂದು ಕೂಗುತ್ತಿದ್ದರು. ಕೂಗು ಮುಗಿಯುವುದರೊಳಗೆ ಅವನು ನನ್ನನ್ನು ಸೆಳೆದು ಎದೆಗೆ ಸಿಕ್ಕಿಸಿಕೊಂಡು ನಿಂತಿರುತ್ತಿದ್ದ. ಇಡೀ ಪಡೆಯಲ್ಲಿ ಅವನಷ್ಟು ಬೇಗ ಯಾರಿಗೂ ಆಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಾಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು.

ಅವನಿಗಿದ್ದ ಒಂದೇ ಕೊರತೆ ರಾಗಿ. ಪಡೆಯ ಅಡುಗೆಮನೆಯಲ್ಲಿ ರೊಟ್ಟಿ, ಬ್ರೆಡ್ಡು, ಡಬ್ಬಿಯ ಮಾಂಸ. ಹಾಗಾಗಿ ತಾಯಮ್ಮ ಮನೆಯಿಂದ ಮುದ್ದೆ, ಹುರುಳಿ ಸಾರು ತರುತ್ತಿದ್ದಳು. ಗವಿರಂಗನೂ ಫಿಟ್ಟರ್ ಚೌರಪ್ಪನೂ ರೆಕ್ಕೆಯ ನೆರಳಿನಲ್ಲಿ ಕೂತು ಉಣ್ಣುತ್ತಿದ್ದರು. ಎಂಜಿನ್ ರಿಪೇರಿ ಮಾಡುವ ಈ ಚೌರಪ್ಪ ಬೆಂಗಳೂರಿನವನೇ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು. ಅವರಿಬ್ಬರೂ ಬೆರಳು ನೆಕ್ಕುವುದನ್ನು ನೋಡಿದರೆ ತಾಯಮ್ಮನ ಹೊಟ್ಟೆ ತುಂಬುತ್ತಿತ್ತು.

ಬರ್ಮಾಕ್ಕೆ ಹೊರಡುವ ಆಜ್ಞೆ ಬಂತು. ಪೈಲಟ್ಟು, ಗನ್ನರುಗಳು ವಿಮಾನದಲ್ಲಿ ಹೋಗಬೇಕು. ಚೌರಪ್ಪನಂಥವರು ಪೆಟ್ಟಿಗೆಗಳ ಜೊತೆ ಮದರಾಸಿನ ತನಕ ರೈಲಿನಲ್ಲಿ, ಅಲ್ಲಿಂದ ಹಡಗಿನಲ್ಲಿ ಹೋಗಬೇಕು. ತಾಯಮ್ಮ ಎಲ್ಲ ಪ್ಯಾರಾಚೂಟುಗಳನ್ನೂ ಬಿಚ್ಚಿ, ಗಾಳಿಗೆ ನೇತುಹಾಕಿ, ಹೊಸದಾಗಿ ಮಡಿಸಿದಳು. ನನ್ನ ಕೆಂಪು ದಾರ ಕಟ್ಟುವಾಗ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತಳು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ದೂರ ಹೊರಟವನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ರಾಗಿ ಅರಳು ಹುರಿದು, ಬೀಸಿ, ಏಲಕ್ಕಿ ಪುಡಿ ಬೆರೆಸಿ ಹುರಿಹಿಟ್ಟು ಮಾಡಿದಳು. ಬೆಲ್ಲ, ನೀರು ಕಲಸಿದರೆ ಎಲ್ಲಿ ಬೇಕಾದರೂ ತಿನ್ನಬಹುದು, ಒಲೆ ಬೇಡ. ಹಿಟ್ಟು ತುಂಬಲು ನಮ್ಮ ಕೋಣೆಯಲ್ಲಿ ಬಿದ್ದಿದ್ದ ಕ್ಯಾನ್ವಾಸಿನ ಚೂರುಗಳಿಂದ ಒಂದು ಚೀಲ ಹೊಲಿದಳು. ಅಳತೆ ಹಿಡಿಯಲಿಲ್ಲ. ಅವಳ ಕೈಗೆ ಪಳಗಿದ್ದ ಅಳತೆ ಒಂದೇ. ಅದೇ ಉದ್ದ, ಅದೇ ಅಗಲ, ಮೂಲೆಯಲ್ಲಿ ಅದೇ ಜೋಡಿ ಹೊಲಿಗೆ. ಅದನ್ನು ತಂದು ನನ್ನ ಪಕ್ಕದಲ್ಲಿಟ್ಟಾಗ, ಇದ್ಯಾರು ನನ್ನ ತಮ್ಮ ಎಂದು ನನಗೇ ಅನ್ನಿಸಿತು.

ಹೊರಡುವ ದಿನ ಬೆಳಿಗ್ಗೆ ವಿಮಾನದೊಳಗೆ ಕಾಲಿಡಲು ಜಾಗವಿರಲಿಲ್ಲ. ಬಿಡಿಭಾಗಗಳು, ಹಗ್ಗ, ನೀರಿನ ಡಬ್ಬ ಎಲ್ಲ ಗವಿರಂಗನ ಸುತ್ತ ತುಂಬಿದ್ದರು. ಅವನು ಹಿಟ್ಟಿನ ಚೀಲ ಹಿಡಿದು ಅತ್ತ ಇತ್ತ ನೋಡಿದ.

"ಪೆಟ್ಟಿಗೇಲಿ ಹಾಕು, ನಾನು ತಗೊಂಬತ್ತೀನಿ" ಎಂದ ಚೌರಪ್ಪ.

"ಹಡಗಲ್ಲಿ ಮುಗ್ಗಲು ಹಿಡಿತದೆ ಕಣೋ. ಅಕ್ಕ ಕೈಯಾರೆ ಬೀಸಿರೋದು." ಗವಿರಂಗ ನನ್ನ ಕಡೆ ತಿರುಗಿದ. "ಒಂದು ಕೆಲ್ಸ ಮಾಡು. ಇದನ್ನ ನೀನು ತಗೊಂಬಾ. ಇದಕ್ಕಾದ್ರೆ ತಗಡಿನ ಪೆಟ್ಟಿಗೆ ಐತೆ, ಅದ್ರಲ್ಲಿ ಹಿಟ್ಟು-ಗಿಟ್ಟು ಇಡಕ್ಕೆ ಬುಡಕಿಲ್ಲ."

"ಲೋ, ಬ್ಯಾಡ ಕಣೋ. ಸಾಹೇಬರು ನೋಡಿದ್ರೆ ಬುಡ್ತಾರಾ?"

ಗವಿರಂಗ ನನ್ನನ್ನು ಎತ್ತಿ ಅವನ ಕೈಗೆ ಕೊಟ್ಟು, ನನ್ನ ಗೂಡಿನಲ್ಲಿ ಹಿಟ್ಟಿನ ಚೀಲವನ್ನು ಇಟ್ಟ. ಅಲ್ಲಿಗೆಂದೇ ಮಾಡಿಸಿದ ಹಾಗೆ ಕೂತಿತು. "ನೋಡ್ದ್ಯಾ, ಯಾರಿಗೂ ಗೊತ್ತಾಗಕಿಲ್ಲ. ಈಗೇನು ಯುದ್ಧ ಮಾಡಕ್ಕೋಯ್ತಿದ್ದೀವಾ? ಬರೀ ವಿಮಾನ ಮುಟ್ಸೋದು. ಯುದ್ಧದ ಹೊತ್ಗೆ ನೀನು ಬಂದಿರ್ತೀಯ."

ಚೌರಪ್ಪ ತಲೆ ಕೆರೆದುಕೊಂಡ. ಆಮೇಲೆ, "ನಂಗೂ ಒಂದೆರಡು ಹಿಡಿ ಮಡಗಿರು" ಎಂದು ಹೇಳಿ ನನ್ನನ್ನು ಹೊತ್ತುಕೊಂಡು ಹೊರಟ. ನನಗೆ ಬಾಯಿ ಕೊಡಲಿಲ್ಲವಲ್ಲ ದೇವರು ಎಂದು ನಾನು ಅತ್ತದ್ದು ಅವತ್ತೇ ಮೊದಲು.

ಭಾದುರಿ ಸಾಹೇಬರು ಹತ್ತುವ ಮುಂಚೆ ಹಿಂದಿನ ಸೀಟಿನೊಳಗೆ ಇಣುಕಿದರು. ಗೂಡಿನಲ್ಲಿ ಖಾಕಿ ಕಂಡಿತು, ತಲೆಯಾಡಿಸಿದರು. ಕೈಬೀಸಲು ಹತ್ತಿರ ಬಂದ ತಾಯಮ್ಮನೂ ಮೊದಲು ನೋಡಿದ್ದು ಆ ಗೂಡನ್ನೇ. ಜೋಡಿ ಹೊಲಿಗೆಯ ಮೂಲೆ ಕಂಡು ಅವಳ ಮುಖ ತಿಳಿಯಾಯಿತು.

"ಹೋಗ್ಬಾರಪ್ಪ" ಎಂದಳು.

"ಬತ್ತೀನಕ್ಕ" ಎಂದ ಅವನು. ತಗಡಿನ ಪೆಟ್ಟಿಗೆಯ ಮುಚ್ಚಳ ಇನ್ನೂ ತೆರೆದಿತ್ತು, ವಿಮಾನ ಏರುವ ಸದ್ದು ನನಗೂ ಕೇಳಿಸಿತು.

ಚೌರಪ್ಪನ ಜೊತೆ ಕೊಲ್ಲಿ ದಾಟಿ ಬರ್ಮಾ ಗಡಿಯ ಬಿಡಾರ ಸೇರಿದಾಗ ಎಲ್ಲ ಮುಗಿದಿತ್ತು. ಭಾದುರಿ ಸಾಹೇಬರು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಂಚದ ಮೇಲಿದ್ದರು. ದಾರಿಯಲ್ಲಿ ಕಾಡುಗುಡ್ಡಗಳ ಮೇಲೆ ಎಂಜಿನ್ನಿಗೆ ಬೆಂಕಿ ಹತ್ತಿತಂತೆ. ಯಾವ ಶತ್ರುವೂ ಅಲ್ಲಿರಲಿಲ್ಲ. ಸಾಹೇಬರು "ಹಾರು" ಎಂದು ಕೂಗಿದರಂತೆ. "ಸಿಕ್ಕಿಸಿಕೊಂಡೆ ಸಾರ್, ನೀವು ಮೊದಲು ಹಾರಿ, ನಾನು ಹಿಂದೆಯೇ ಬರುತ್ತೇನೆ" ಎಂದನಂತೆ ಗವಿರಂಗ. ಅವನ ಕೈಯ ಚುರುಕು ಗೊತ್ತಿದ್ದ ಸಾಹೇಬರು ನಂಬಿ ಹಾರಿದರು. ತಾವು ಇಳಿಯುತ್ತ ಎರಡನೆಯ ಬಿಳಿ ಕೊಡೆ ಎಲ್ಲಿ ಅರಳುತ್ತದೆ ಎಂದು ಆಕಾಶವೆಲ್ಲ ಹುಡುಕಿದರು. "ಯಾಕೆ ಬಿಚ್ಚಿಕೊಳ್ಳಲಿಲ್ಲವೋ ಅದು" ಎಂದು ಹೇಳುತ್ತಿದ್ದವರ ಮುಂದೆ ಚೌರಪ್ಪ ನನ್ನನ್ನು ತಂದಿಟ್ಟ. ಸಾಹೇಬರು ನನ್ನ ಮೇಲೆ ಕೈಯಿಟ್ಟು, ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಬೇರೆ ಯಾವ ಗನ್ನರೂ ನನ್ನನ್ನು ಒಯ್ಯಲು ಒಪ್ಪಲಿಲ್ಲ. ಯಜಮಾನನನ್ನು ಬಿಟ್ಟು ಉಳಿದ ಪ್ಯಾರಾಚೂಟ್ ಎಂದು ದೂರ ಸರಿಯುತ್ತಿದ್ದರು. ಉಗ್ರಾಣದ ಮೂಲೆಯಲ್ಲಿ ಕೂತೇ ನಾನು ಯುದ್ಧ ಮುಗಿಸಿದೆ. ಕೆಲಸಕ್ಕೆ ಬಾರದ್ದನ್ನೆಲ್ಲ ಎಸೆಯುವಾಗ ಚೌರಪ್ಪ ನನ್ನನ್ನು ಕೇಳಿ ಪಡೆದು, ಬೆಂಗಳೂರಿಗೆ ಬಂದವನೇ ತಾಯಮ್ಮನ ಮನೆ ಹುಡುಕಿದ.

ಅವಳನ್ನು ನೋಡಿ ನನಗೆ ಗುರುತೇ ಸಿಗಲಿಲ್ಲ, ಅಷ್ಟು ಬಡವಾಗಿದ್ದಳು. ಸಾಹೇಬರು ಹಾರಿ ಉಳಿದರು, ಗವಿರಂಗ ಉಳಿಯಲಿಲ್ಲ ಎಂಬಷ್ಟೇ ಸುದ್ದಿ ಅವಳಿಗೆ ಮುಟ್ಟಿತ್ತು. ಹಾಗಾದರೆ ತಾನು ಮಡಿಸಿದ್ದು ಬಿಚ್ಚಿಕೊಳ್ಳಲಿಲ್ಲ, ಹುಡುಗನನ್ನು ಕೊಂದದ್ದು ತನ್ನ ಕೈ ಎಂದು ತೀರ್ಮಾನಿಸಿ ಅವತ್ತೇ ಕೆಲಸ ಬಿಟ್ಟಿದ್ದಳು. ಇಷ್ಟು ವರ್ಷ ಒಂದು ರವಿಕೆಯನ್ನೂ ಹೊಲಿದಿರಲಿಲ್ಲವಂತೆ. ಕೂಲಿಗೆ ನೀರಿನ ಮಡಕೆ ಹೊರುತ್ತಿದ್ದಳು.

"ಅಕ್ಕ, ನಿನ್ನ ತಪ್ಪೇನಿಲ್ಲ" ಎಂದ ಚೌರಪ್ಪ, ನನ್ನನ್ನು ಅವಳ ಮುಂದಿಟ್ಟು. "ನೋಡು. ಅವನು ಇದನ್ನ ತಗೊಂಡೇ ಹೋಗಿರ್ನಿಲ್ಲ."

ತಾಯಮ್ಮ ಬಗ್ಗಿ ಕೆಂಪು ದಾರ ನೋಡಿದಳು. ಕಿತ್ತಿರಲಿಲ್ಲ. ಬೆರಳಿನಿಂದ ಅದನ್ನು ಮೆಲ್ಲಗೆ ಸವರಿದಳು.

"ಮಡಿಸಿದ್ದನ್ನ ಮಡಿಸಿದಂಗೇ ತಂದ್ಕೊಡು ಅಂದಿದ್ದೆ" ಎಂದಳು. "ಕೊಟ್ಟ."

ಅವಳ ಎದೆಯ ಮೇಲಿದ್ದ ಬಂಡೆ ಇಳಿಯಿತು ಎಂದುಕೊಂಡು ಚೌರಪ್ಪ ಉಸಿರು ಬಿಟ್ಟ. ಅಷ್ಟರಲ್ಲಿ ಅವಳು ತಲೆ ಎತ್ತಿದಳು.

"ಅಲ್ಲ ಚೌರಪ್ಪ. ಹೊರಡುವಾಗ ನಾನು ಕಣ್ಣಾರೆ ನೋಡಿದ್ನಲ್ಲ. ಗೂಡಲ್ಲಿ ಇತ್ತು. ನನ್ನ ಹೊಲಿಗೆ ನಂಗೆ ಗೊತ್ತಾಗಲ್ವಾ?"

ಚೌರಪ್ಪ ನೆಲ ನೋಡಿದ. ತಾಯಮ್ಮ ಅವನನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ, ಅವತ್ತು ಗೂಡಿನಲ್ಲಿ ಕಂಡದ್ದು ಯಾವ ಚೀಲ ಎಂದು ಅವಳಿಗೆ ತಿಳಿಯಿತು. ತಾನೇ ಹುರಿದದ್ದು, ತಾನೇ ಬೀಸಿದ್ದು, ತಾನೇ ಹೊಲಿದದ್ದು. ಅವಳು ಕೂಗಿಕೊಳ್ಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ನನ್ನ ಪಕ್ಕದ ಹಿಡಿಗೆ ಕೈ ಹಾಕಿ ಎಳೆದಳು.

ದಾರ ಕಿತ್ತಿತು, ಪಿನ್ನು ಜಾರಿತು, ಚೀಲ ಬಾಯಿ ಬಿಟ್ಟಿತು. ಅಷ್ಟು ವರ್ಷ ಮುದುಡಿ ಕೂತಿದ್ದ ನಾನು ಅವಳ ಮಡಿಲಿಗೆ ಹಾರಿ, ಅಲ್ಲಿಂದ ನೆಲಕ್ಕೆ ಸುರಿದು, ಆ ಪುಟ್ಟ ಮನೆಯನ್ನೆಲ್ಲ ತುಂಬಿದೆ. ಒಂದು ಮಡಿಕೆ ಅಂಟಿರಲಿಲ್ಲ. ಒಂದು ಹುರಿ ತೊಡಕಿರಲಿಲ್ಲ. ನನ್ನ ಇಡೀ ಬಾಳಿನಲ್ಲಿ ನಾನು ಮಾಡಿದ ಕೆಲಸ ಅದೊಂದೇ, ತಪ್ಪಿಲ್ಲದೆ ಮಾಡಿದೆ.

"ಬಿಚ್ಕೊಂತು ಕಣೋ ರಂಗ" ಎಂದಳು ತಾಯಮ್ಮ. "ನೋಡು, ಎಂಗೆ ಬಿಚ್ಕೊಂತು." ಆಮೇಲೆ ನನ್ನನ್ನು ಬಾಚಿ ಮುಖಕ್ಕೆ ಒತ್ತಿಕೊಂಡು ಅತ್ತಳು. ಚೌರಪ್ಪನೂ ಬಾಗಿಲಲ್ಲಿ ಕೂತು ಅತ್ತ.

ಅವಳು ಮತ್ತೆ ನನ್ನನ್ನು ಮಡಿಸಲೇ ಇಲ್ಲ. ಮಕ್ಕಳಿಗೆ ಲಂಗ ಹೊಲಿಸುತ್ತೇವೆ ಕೊಡು ಎಂದು ಕೇಳಿದವರಿಗೆ ಕೊಡಲಿಲ್ಲ. ಅಕ್ಕಪಕ್ಕದ ಮನೆಯಲ್ಲಿ ರಾಗಿ ಹುರಿಯುವ ವಾಸನೆ ಬಂದರೆ ಎದ್ದು ಬಾಗಿಲು ಹಾಕಿಕೊಳ್ಳುತ್ತಾಳೆ. ಈಗ ನಮಗಿಬ್ಬರಿಗೂ ವಯಸ್ಸಾಗಿದೆ. ನನ್ನ ಬಿಳಿ ಹಳದಿಗೆ ತಿರುಗಿದೆ, ಮುಟ್ಟಿದ ಕಡೆ ಪಿಸಿಯುತ್ತದೆ. ಅವಳಿಗೆ ಎದ್ದು ಓಡಾಡಲು ಆಗುವುದಿಲ್ಲ. ಚೌರಪ್ಪನ ಹೆಂಡತಿ ಬಂದು ಗಂಜಿ ಕುಡಿಸಿ ಹೋಗುತ್ತಾಳೆ.

ತಾಯಮ್ಮ ನನ್ನನ್ನು ಮುದ್ದೆ ಮಾಡಿ ದಿಂಬಿನ ಹಾಗೆ ತಲೆಯ ಕೆಳಗೆ ಇಟ್ಟುಕೊಂಡಿದ್ದಾಳೆ. ಒಬ್ಬ ಮನುಷ್ಯನ ಭಾರ ಹೊರುವುದಕ್ಕೆಂದು ಹುಟ್ಟಿದ್ದು ನಾನು. ಕೊನೆಗೆ ನನ್ನ ಪಾಲಿಗೆ ಬಂದದ್ದು ಅವಳ ತಲೆಯ ಭಾರ. ಅದೂ ದಿನದಿನಕ್ಕೆ ಹಗುರವಾಗುತ್ತಿದೆ.