ಇಪ್ಪತ್ತೊಂದನೆಯ ಪದ

“ಇದು ನಿಮ್ಮದೇ ಸಹಿ ತಾನೆ?” ಎಂದು ಸಂಶೋಧಕಿ ಹಳೆಯ ತಂತಿಯ ನಕಲನ್ನು ಮೇಜಿನ ಮೇಲೆ ಅವನತ್ತ ತಿರುಗಿಸಿದಳು.

ತಂತಿರಾಯ ಕನ್ನಡಕ ಏರಿಸಿ ನೋಡಿದ. ಅವನದೇ. ಇಪ್ಪತ್ತಮೂರರ ವಯಸ್ಸಿನ ಸಹಿ, ಬಾಲಕ್ಕೆ ಎರಡು ಸುತ್ತು ಬೇರೆ. ಆಗ ತಂತಿ ಕಚೇರಿ ಸೇರಿ ಆರು ತಿಂಗಳೂ ಆಗಿರಲಿಲ್ಲ. ಅಣ್ಣ ತಮಾಷೆಗೆ ಇಟ್ಟ ‘ತಂತಿರಾಯ’ ಎಂಬ ಹೆಸರು ವಯಸ್ಸು ಅರವತ್ತನಾಲ್ಕಾದರೂ ಬಿಟ್ಟಿರಲಿಲ್ಲ. ಕಿಟಕಿಯ ಪಕ್ಕ ಆ ಅಣ್ಣನ ಹೆಂಡತಿ ಮೊರ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದರು. ನಲವತ್ತೊಂದು ವರ್ಷದಿಂದ ಅತ್ತಿಗೆ ಈ ಮನೆಯಲ್ಲೇ ಇದ್ದರು.

“ಸೇತುವೆ ಮುಟ್ಟಬೇಡಿ ಅನ್ನೋ ಆದೇಶ ಬೆಳಿಗ್ಗೆ ಆರು ಹತ್ತಕ್ಕೆ ನಿಮ್ಮ ಕೈಗೆ ಬಂದಿದೆ. ಎದುರಿನ ಸೇನಾ ಶಿಬಿರಕ್ಕೆ ತಲುಪಿದ್ದು ಆರೂವರೆಗೆ. ಆರು ಇಪ್ಪತ್ತೈದಕ್ಕೇ ಅವರು ಸೇತುವೆ ಸಿಡಿಸಿಬಿಟ್ಟಿದ್ರು. ಲೈನು ಕೆಡದೆ ಇದ್ದಿದ್ರೆ ಯುದ್ಧ ಆ ವಾರವೇ ಮುಗೀತಿತ್ತು ಸರ್. ನಾಲ್ಕು ವರ್ಷ ನಡೀತಾನೇ ಇರ್ಲಿಲ್ಲ.” ಅವಳ ಕಣ್ಣು ಹೊಳೆಯುತ್ತಿತ್ತು. ಓದಿದವರಿಗೆ ‘ಒಂದು ವೇಳೆ’ ಎಂಬುದು ಬಲು ರುಚಿ. “ರಿಜಿಸ್ಟರಿನಲ್ಲಿ ಲೈನ್ ದೋಷ ಅಂತಿದೆ. ನೀವೊಮ್ಮೆ ಹೌದು ಅಂದ್ರೆ ಸಾಕು, ಬರ್ಕೋತೀನಿ.”

ಹೌದು ಎನ್ನುವುದೇನು ಕಷ್ಟ? ವಿಚಾರಣೆಯವರ ಮುಂದೆ ಅಂದಿದ್ದ, ನೆರೆಹೊರೆಯವರಿಗೆ ಅಂದಿದ್ದ. ಸೇತುವೆಯ ಮೇಲೆ ಅಂಚೆ ವ್ಯಾನಿನೊಂದಿಗೆ ಹೋದ ಅಣ್ಣನ ಹೆಣ ಕೂಡ ಸಿಗದೆ ಕೂತಿದ್ದ ಅತ್ತಿಗೆಗೂ ಅಂದಿದ್ದ. ಕಾಲು ಜೋಮು ಹಿಡಿಯುವುದಿಲ್ಲವೇ, ಹಾಗೆ ಅಂದಿನಿಂದ ಅವನ ಎದೆಗೇ ಜೋಮು ಹಿಡಿದಿತ್ತು. ನೋವಿರಲಿಲ್ಲ, ಏನೂ ಇರಲಿಲ್ಲ.

“ಬರ್ಕೊಳ್ಳಮ್ಮ,” ಎಂದರು ಅತ್ತಿಗೆ ತಲೆಯೆತ್ತದೆ. “ಆ ಹಾಳು ಲೈನು. ಇವನು ತಾನೇ ಏನು ಮಾಡ್ತಾನೆ ಪಾಪ.”

ಮನೆಯ ಫೋನು ಸತ್ತಾಗಲೂ ಅವರು ಹಾಳು ಲೈನು ಎಂದೇ ಬೈಯುತ್ತಿದ್ದರು. ಆ ‘ಪಾಪ’ ಎಂಬ ಮಾತು ಮಾತ್ರ ಇಂದು ಕಿವಿಯಲ್ಲೇ ನಿಂತಿತು.

“ಲೈನು ಸರಿಯಾಗೇ ಇತ್ತು,” ಎಂದ ತಂತಿರಾಯ.

ಬಟಾಣಿ ಸುಲಿಯುವ ಸದ್ದು ನಿಂತಿತು.

ಅವನು ದಿನಸಿಯ ಪಟ್ಟಿ ಓದುವವನ ದನಿಯಲ್ಲಿ ಹೇಳಿದ. ತಂತಿಯ ತಲೆಬರಹದಲ್ಲಿ ಪದಗಳ ಲೆಕ್ಕ ಬರೆದಿರುತ್ತದೆ. ಬಂದ ಪದಗಳನ್ನು ಎಣಿಸಿ ನೋಡಬೇಕು, ತಾಳೆಯಾಗದಿದ್ದರೆ ಇನ್ನೊಮ್ಮೆ ಕಳಿಸಿ ಎಂದು ಕೇಳಬೇಕು, ಅಲ್ಲಿಯವರೆಗೆ ಯಾರಿಗೂ ಕೊಡಕೂಡದು. ಅಂದು ತಲೆಬರಹದಲ್ಲಿ ಇಪ್ಪತ್ತೊಂದು ಎಂದಿತ್ತು. ಅವನ ಎಣಿಕೆಗೆ ಸಿಕ್ಕಿದ್ದು ಇಪ್ಪತ್ತು.

“ಇನ್ನೊಂದ್ಸಲ ಕಳಿಸಿ ಅಂದೆ. ಆ ಕಡೆ ಬೇರೆ ತಂತಿಗಳ ಸಾಲು ಇತ್ತು, ಕಾದೆ. ಅಷ್ಟರಲ್ಲಿ ಅಣ್ಣ ವ್ಯಾನಿಗೆ ಅಂಚೆ ಚೀಲ ತುಂಬ್ಕೊಂಡು, ‘ಬರ್ತೀನೋ ತಂತಿರಾಯ’ ಅಂತ ಹೊರಟ. ಆರೂವರೆಗೆ ಮತ್ತೆ ಬಂತು. ಅಕ್ಷರವೂ ಬದಲಾಗಿರ್ಲಿಲ್ಲ. ಐದಂಕಿ ದಾಟಿದ ಸಂಖ್ಯೆಯನ್ನ ಎರಡು ಪದ ಅಂತ ಎಣಿಸ್ಬೇಕು. ಅದು ಮರ್ತಿದ್ದೆ.”

“ಅಂದ್ರೆ ಒಂದು ಅಂಕಿ…” ಎಂದು ಸಂಶೋಧಕಿ ಸಂಭ್ರಮದಿಂದ ಶುರುಮಾಡಿದಳು. ಅತ್ತಿಗೆಯ ಮುಖ ಕಂಡು ಪೆನ್ನು ಮುಚ್ಚಿದಳು. ನಾಳೆ ಬರುತ್ತೇನೆಂದು ಎದ್ದು ಹೋದಳು. ನಕಲು ಮೇಜಿನ ಮೇಲೇ ಉಳಿಯಿತು.

ಅತ್ತಿಗೆ ಮೊರ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು ಎದುರು ಕೂತರು.

“ಕನ್ನಡಕ ಕೊಡು.”

ತನ್ನದನ್ನೇ ತೆಗೆದುಕೊಟ್ಟ. ಅವರು ಒಂದೊಂದು ಪದಕ್ಕೂ ಬೆರಳಿಟ್ಟು, ತುಟಿಯಲ್ಲೇ ಎಣಿಸುತ್ತ ಕೊನೆ ಮುಟ್ಟಿದರು. ಮತ್ತೆ ಮೊದಲಿಂದ ಎಣಿಸಿದರು.

“ಇಪ್ಪತ್ತೇ ಇದೆಯಲ್ಲೋ,” ಎಂದರು.

ಅವನು ಸುಮ್ಮನಿದ್ದರೂ ಆಗುತ್ತಿತ್ತು.

“ಎರಡನೇ ಸಾಲಲ್ಲಿ ಆದೇಶದ ಸಂಖ್ಯೆ ಇದೆ ನೋಡಿ ಅತ್ತಿಗೆ. ಆರಂಕಿ. ಅದು ಎರಡು.”

ಅತ್ತಿಗೆಯ ಬೆರಳು ಹಿಂದಕ್ಕೆ ಸರಿದು ಆ ಸಂಖ್ಯೆಯನ್ನು ಹುಡುಕಿ ನಿಂತಿತು. ಉಗುರಿನಲ್ಲಿ ಬಟಾಣಿ ಸಿಪ್ಪೆಯ ಹಸಿರು ಇತ್ತು. ಕಿಟಕಿಯ ಬಿಸಿಲು ಮೇಜಿನಿಂದ ಇಳಿದು ಗೋಡೆಗೆ ಹೋಯಿತು. ಅವರು ಬೆರಳು ತೆಗೆಯಲಿಲ್ಲ.